ಯಾರೂ ನಗದ ಜೋಕು

ಇಡೀ ಸಭಾಂಗಣ ಕಣ್ಣೊರೆಸಿಕೊಳ್ಳುತ್ತಿದ್ದಾಗ ನನ್ನ ಹಿಂದಿನ ಸಾಲಿನಲ್ಲಿ ಯಾರೋ ನಕ್ಕುಬಿಟ್ಟರು.

ಉಡುಪಿಯಲ್ಲಿ ಅಂದು ನನ್ನ ಅಜ್ಜ ಕಾಪು ಶೇಖರ ಕಾಂಚನ್ ಅವರ ‘ಉಪ್ಪುನೀರ್’ ತುಳು ನಾಟಕ. ಕಾರ್ಕಳದ ಹುಡುಗಿಯೊಬ್ಬಳು ಕಾಪುವಿನ ಮೀನುಗಾರರ ಮನೆಗೆ ಮದುವೆಯಾಗಿ ಬಂದಿದ್ದಾಳೆ. ಮೊದಲ ಸಂಜೆ ಒಬ್ಬಳೇ ಕುಳಿತಿರುವಾಗ ಭಜನಾ ಮಂದಿರದಿಂದ ‘ಹರೇ ರಾಮ, ಹರೇ ರಾಮ’ ಕೇಳಿಬರುತ್ತದೆ. ಅವಳು ಹಣೆಗೆ ಕೈಹಚ್ಚಿ, ‘ರಾಮನ ತರೆಕ್ ದಾದ ಆಂಡ್?’ ಎನ್ನುತ್ತಾಳೆ. ರಾಮನ ತಲೆಗೆ ಏನಾಯಿತು ಎಂದು ಅರ್ಥ. ಹಾರ್ಮೋನಿಯಂ ಕೊರಗುತ್ತದೆ, ದೀಪ ಮಂದವಾಗುತ್ತದೆ. ತವರು ಬಿಟ್ಟ ಹೆಣ್ಣಿನ ಬುದ್ಧಿಭ್ರಮಣೆ ಎಂದು ವಿಮರ್ಶಕರು ಪುಟಗಟ್ಟಲೆ ಬರೆದ ಮಾತು ಇದು. ಅಲ್ಲಿ ಅಳದವರನ್ನು ನಾನು ಕಂಡಿರಲಿಲ್ಲ.

ಸರ್ರನೆ ತಿರುಗಿದೆ. ತೆಳ್ಳಗಿನ ಒಬ್ಬ ಯುವಕ ಬಾಯಿಗೆ ಕರ್ಚೀಫ್ ಒತ್ತಿಕೊಂಡಿದ್ದ. ಕನ್ನಡಕದ ಹಿಂದೆ ಕಣ್ಣು ತುಂಬಿತ್ತು, ಆದರೆ ನಗುವಿನಿಂದ. ನಾನು ದುರುಗುಟ್ಟಿ ನೋಡಿದೆ. ಅವನು ಕಣ್ಣು ಕೆಳಗೆ ಮಾಡಿದ, ಮತ್ತೆ ಮೆಲ್ಲನೆ ಎತ್ತಿದ. ಆ ಎರಡನೇ ನೋಟ ನನಗೆ ಇಷ್ಟವಾಗಿಬಿಟ್ಟಿತು, ಅದಕ್ಕೆ ಇನ್ನೂ ಸಿಟ್ಟು ಬಂತು.

ಹೊರಗೆ ಚಹಾದ ಹತ್ತಿರ ಹಿಡಿದೆ. “ಎಂತ ಮಾರಾಯ್ರೇ, ನಿಮಗೆ ಹೃದಯ ಉಂಟಾ?”

“ಉಂಟು. ಸಾರಿ.”

“ನಗಲಿಕ್ಕೆ ಎಂತ ಇತ್ತು ಅಲ್ಲಿ?”

“ಹೇಳಿದರೆ ನಿಮಗೆ ಇನ್ನೂ ಸಿಟ್ಟು ಬರಬಹುದು. ನನಗೆ ಗ್ಯಾರಂಟಿ ಆದ ಮೇಲೆ ಹೇಳ್ತೇನೆ.”

“ನಾನು ಪ್ರಣೀತಾ. ಶೇಖರ ಕಾಂಚನ್ ಅವರ ಮೊಮ್ಮಗಳು.”

ಅವನ ಚಹಾ ತುಳುಕಿ ಅಂಗಿಯ ಮೇಲೆ ಬಿತ್ತು. ನನಗೆ ಸ್ವಲ್ಪ ಸಮಾಧಾನವಾಯಿತು.

ಹೆಸರು ಉಜ್ವಲ್ ಕಡಂಬ, ಊರು ಕಾರ್ಕಳ, ಮಣಿಪಾಲದ ಕಾಲೇಜೊಂದರಲ್ಲಿ ಮೇಷ್ಟ್ರು. ಅಜ್ಜನ ನಾಟಕಗಳ ಸಮಗ್ರ ಸಂಪುಟ ಬಿಡುಗಡೆಯಾಗುವುದಿತ್ತು. ಅದರ ವಿಚಾರ ಸಂಕಿರಣದಲ್ಲಿ ಪ್ರಬಂಧ ಓದುವವನು ಇವನೇ. ಅದು ಗೊತ್ತಾದ ಮೇಲೆ ಅವನನ್ನು ಸಂಶಯದಿಂದಲೇ ನೋಡಿದೆ.

ಕಾರಣ ಇತ್ತು. ಅಜ್ಜ ತೀರಿಕೊಂಡ ಮೇಲೆ ಒಂದು ಗುಸುಗುಸು ಶುರುವಾಗಿ, ಈಗ ಪತ್ರಿಕೆಗಳವರೆಗೂ ಬಂದಿತ್ತು. ಮೂರನೇ ಕ್ಲಾಸು ಓದಿದ, ದೋಣಿಯಲ್ಲಿ ಬಲೆ ಎಳೆದ ಮನುಷ್ಯ ಇಂಥ ನಾಟಕ ಬರೆಯುವುದುಂಟೇ? ಬರೆದುಕೊಟ್ಟವರು ಆ ಕಾಲದ ತುಳು ಪಂಡಿತರು, ಕಾರ್ಕಳದ ಹೆಡ್ಮಾಸ್ಟ್ರು ನೇಮಿರಾಜರಂತೆ. ಅವರೂ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಇಲ್ಲ ಎನ್ನುವುದಕ್ಕೆ ಯಾರೂ ಇರಲಿಲ್ಲ. ಈ ವಿಷಯಕ್ಕೆ ನಾನು ಜಗಳ ಮಾಡದ ವಾಟ್ಸ್ಯಾಪ್ ಗ್ರೂಪ್ ಇಲ್ಲ. ಕೆಲವರು ನನ್ನನ್ನು ಹೊರಗೂ ಹಾಕಿದ್ದಾರೆ. ಮೀನು ಹಿಡಿಯುವವನ ತಲೆಯಲ್ಲಿ ಏನೂ ಇರುವುದಿಲ್ಲ ಎಂಬ ಆ ಮಾತು ನನ್ನ ರಕ್ತ ಕುದಿಸುತ್ತಿತ್ತು.

ನಾನು ಮಣಿಪಾಲದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮರುವಾರ ಉಜ್ವಲ್ ಅಲ್ಲಿಗೇ ಬಂದ.

“ತಲೆನೋವು. ಕಣ್ಣಿನದ್ದಾ ಅಂತ ನೋಡಬೇಕಿತ್ತು.”

ಕತ್ತಲೆ ಕೋಣೆಯಲ್ಲಿ ಕೂರಿಸಿ ಟಾರ್ಚ್ ಹಿಡಿದೆ. “ಮೇಲೆ ನೋಡಿ. ಕೆಳಗೆ. ಈಗ ನನ್ನ ಕಿವಿ ನೋಡಿ.”

ಅವನು ಕಿವಿ ನೋಡಲಿಲ್ಲ.

“ಕಿವಿ ಅಂದೆ.”

“ನೋಡ್ತಾ ಇದ್ದೇನೆ. ದಾರಿಯಲ್ಲಿ ಬೇರೆ ಕೆಲವು ಸಿಕ್ಕಿತು.”

ಟಾರ್ಚ್ ಆರಿಸಿದೆ. ನನ್ನ ಮುಖ ಅವನಿಗೆ ಕಾಣುವುದು ಬೇಡವಾಗಿತ್ತು. ದಿನವಿಡೀ ಜನರ ಕಣ್ಣು ನೋಡುವ ನನಗೆ ಒಂದು ಜೊತೆ ಕಣ್ಣು ಇಷ್ಟು ಕಷ್ಟ ಕೊಡಬಹುದೆಂದು ಗೊತ್ತಿರಲಿಲ್ಲ. ನಂಬರ್ ಸರಿಯಾಗಿಯೇ ಇತ್ತು. ತಲೆನೋವು ಸುಳ್ಳು.

ಆಮೇಲೆ ಅವನು ಬರುತ್ತಲೇ ಹೋದ. ಕನ್ನಡಕದ ಸ್ಕ್ರೂ ಸಡಿಲ, ಮೂಗಿನ ಪ್ಯಾಡ್ ಸವೆದಿದೆ, ಹೀಗೆ. ನೆಪ ಮುಗಿದ ಮೇಲೆ ನಮ್ಮೂರು ಕಾಪುವಿಗೆ ಬಂದ. ದೀಪಸ್ತಂಭದ ಬಂಡೆಯ ಮೇಲೆ ಕುಳಿತು ಅಜ್ಜನ ನಾಟಕದ ಮಾತುಗಳನ್ನು ಓದಿ ಹೇಳುತ್ತಿದ್ದ. ಗಾಳಿಗೆ ನನ್ನ ದುಪಟ್ಟಾ ಅವನ ಪುಟಗಳ ಮೇಲೆ ಬಿದ್ದರೆ ಎತ್ತಿಡುತ್ತಿರಲಿಲ್ಲ, ಅದರ ಮೇಲಿಂದಲೇ ಓದುತ್ತಿದ್ದ. ನನಗೆ ಅವನೆಂದರೆ ಆಗಲೇ ಪ್ರಾಣ. ಆದರೆ ಪ್ರಬಂಧದ ವಿಷಯ ಕೇಳಿದರೆ ಮಾತ್ರ ಅವನ ಕಣ್ಣು ಸಮುದ್ರದ ಕಡೆ ಹೋಗುತ್ತಿತ್ತು.

ಸಂಕಿರಣದ ವಾರ ಮಣಿಪಾಲದ ಎಂಡ್ ಪಾಯಿಂಟ್‌ಗೆ ಕರೆದ. ಕೆಳಗೆ ಸ್ವರ್ಣಾ ನದಿ ಕಾಣುವ ಬೆಂಚಿನಲ್ಲಿ ಕುಳಿತೆವು.

“ಅಂದು ಯಾಕೆ ನಕ್ಕೆ ಅಂತ ಹೇಳ್ತೇನೆ. ನಿಮ್ಮ ತುಳುವಿನಲ್ಲಿ ತಲೆಗೆ ಎಂತ ಹೇಳ್ತೀರಿ?”

“ತರೆ. ಮತ್ತೆಂತ?”

“ನಮ್ಮ ಜೈನರ ಮನೆಗಳಲ್ಲಿ ‘ಹರೆ’. ನೀವು ದಾರಿಗೆ ‘ಸಾದಿ’ ಅನ್ನುವಲ್ಲಿ ನಾವು ‘ಹಾದಿ’ ಅಂತೇವೆ. ಈಗ ಯೋಚಿಸಿ. ಕಾರ್ಕಳದ ಹುಡುಗಿ ಕೂತಿದ್ದಾಳೆ. ಭಜನೆಯವರು ‘ಹರೇ ರಾಮ, ಹರೇ ರಾಮ’ ಅಂತಾರೆ. ಅವಳ ಕಿವಿಗೆ ಅದು ‘ತಲೆ ರಾಮ, ತಲೆ ರಾಮ’. ರಾಮನ ತಲೆಗೆ ಎಂತಾಯಿತು ಅಂತ ಕೇಳ್ತಾಳೆ. ಅದು ಅಳುವ ಮಾತಲ್ಲ ಪ್ರಣೀತಾ, ಜೋಕು.”

ನನಗೆ ಮೊದಲು ನಗು ಬಂತು. ಅದರ ಹಿಂದೆಯೇ ಅರ್ಥವೂ ಆಯಿತು, ನಗು ನಿಂತಿತು.

“ಕಾಪುವಿನ ಮೀನುಗಾರ ಮೊಗವೀರರಿಗೆ ಈ ಜೋಕು ಹುಟ್ಟುವುದಿಲ್ಲ,” ಅಂದ ಅವನು ತಗ್ಗಿದ ದನಿಯಲ್ಲಿ. “ಹುಡುಕಿದೆ. ಬೇರೆ ನಾಟಕಗಳಲ್ಲೂ ಇಂಥದ್ದು ಉಂಟು. ಬರೆದವರ ನಾಲಗೆ ಕಾರ್ಕಳದ ಜೈನರದ್ದು.”

“ಅಂದರೆ ನೇಮಿರಾಜ ಮಾಸ್ಟ್ರು.”

“ಹಾಗೆಯೇ ಕಾಣ್ತದೆ.”

“ಭಾನುವಾರ ಅದನ್ನು ಓದ್ತೀರಿ.”

“ಸತ್ಯ ಅಲ್ವಾ?”

ಎದ್ದು ನಿಂತೆ. “ಓದಿ. ಎಲ್ಲರೂ ಚಪ್ಪಾಳೆ ಹೊಡೆಯಲಿ. ಮೀನಿನವನಿಗೆ ಬಲೆ, ಮಾಸ್ಟ್ರಿಗೆ ಪೆನ್ನು ಅಂತ ಹೇಳಿ. ಆದರೆ ಅದರ ನಂತರ ಕಾಪುವಿಗೆ ಬರಬೇಡಿ. ನನಗೆ ಫೋನೂ ಮಾಡಬೇಡಿ.”

“ಪ್ರಣೀತಾ, ಒಂದು ನಿಮಿಷ…”

ನಾನು ನಿಲ್ಲಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕಾಪುವಿನವರೆಗೂ ಅತ್ತೆ.

ಮನೆಯಲ್ಲಿ ಮನೋರಮಾ ಅಜ್ಜಿ ಊಟ ಮಾಡುತ್ತಿದ್ದರು. ಅವರದ್ದು ಯಾವಾಗಲೂ ಸೂರ್ಯ ಮುಳುಗುವ ಮೊದಲೇ ಊಟ. ಮೀನು ಮುಟ್ಟುವುದಿಲ್ಲ. ಗ್ಯಾಸ್ಟ್ರಿಕ್ ಎಂದು ಹೇಳಿದ್ದನ್ನು ಮನೆಮಂದಿಯೆಲ್ಲ ನಂಬಿದ್ದೆವು. ಅವರ ತವರು ಕಾರ್ಕಳದ ಕಡೆ, ಅಲ್ಲಿ ಈಗ ಯಾರೂ ಇಲ್ಲ ಎಂಬುದಷ್ಟೇ ನಮಗೆ ಗೊತ್ತಿದ್ದದ್ದು.

ಅಳುತ್ತಾ ಎಲ್ಲವನ್ನೂ ಹೇಳಿದೆ. ಅಜ್ಜಿ ನನ್ನ ಕಣ್ಣೀರಿನ ಬಗ್ಗೆ ಕೇಳಲಿಲ್ಲ.

“ಆ ಹುಡುಗ ನಕ್ಕನಾ?”

“ಎಂತ ಅಜ್ಜಿ?”

“ಅಲ್ಲೇ ನಕ್ಕನಾ? ರಾಮನ ತಲೆಗೆ ಎಂತಾಯಿತು ಅನ್ನುವಲ್ಲಿ?”

“ಹೌದು. ಜೋರಾಗಿ.”

ಅಜ್ಜಿ ಬಟ್ಟಲು ಬದಿಗೆ ಸರಿಸಿದರು. “ಐವತ್ತು ವರ್ಷ ಕಾದೆ ಮಗಾ. ಒಬ್ಬರೂ ನಗಲಿಲ್ಲ.”

ಅಳು ಮರೆತು ಅವರ ಎದುರು ಕುಳಿತೆ.

“ನಾನು ‘ಹರೆ’ ಅಂತಲೇ ಬರೆದದ್ದು. ನಿನ್ನ ಅಜ್ಜ ಬಾಯಿಪಾಠ ಮಾಡಿಸುವಾಗ ‘ತರೆ’ ಮಾಡಿದರು. ತಪ್ಪು ಬರೆದಿದ್ದೇನೆ ಅಂತ ತಿಳಿದು ತಿದ್ದಿದ್ದು, ಪಾಪ. ಮೊದಲನೇ ಆಟದಲ್ಲೇ ಜನ ಅತ್ತರು. ಜನ ಅಳುವಾಗ ಇದು ಜೋಕು ಅಂತ ಹೇಗೆ ಹೇಳುವುದು?”

“ಎಲ್ಲ ನಾಟಕ ನೀವೇ ಬರೆದದ್ದಾ?”

“ಎಲ್ಲವೂ. ಅವರು ಆಡಿಸಿದರು, ಆಡಿದರು. ಅವರು ವೇಷ ಕಟ್ಟಿದರೆ ಬೇರೆಯವರನ್ನು ನೋಡಲಿಕ್ಕೆ ಆಗುತ್ತಿರಲಿಲ್ಲ. ಅದನ್ನು ನೋಡಿಯೇ ನಾನು ಮನೆ ಬಿಟ್ಟು ಬಂದದ್ದು.” ಸೆರಗಿನಿಂದ ಕೈ ಒರೆಸಿಕೊಂಡರು. “ನೇಮಿರಾಜ ಮಾಸ್ಟ್ರು ನನ್ನ ಅಪ್ಪ. ನಾಟಕ ಅಂದರೆ ಉರಿದು ಬೀಳುವವರು. ನನ್ನ ಹೆಸರು ಹಾಕಿದರೆ ಎಲ್ಲಿದ್ದೇನೆ ಅಂತ ಗೊತ್ತಾಗ್ತಿತ್ತು. ಅದಕ್ಕೆ ಅಜ್ಜನ ಹೆಸರು ಹಾಕಿದ್ದು. ಈಗ ನೋಡಿದರೆ, ಎಲ್ಲ ಅಪ್ಪನೇ ಬರೆದದ್ದಂತೆ!”

“ಆಮೇಲಾದರೂ ಹೇಳಬಹುದಿತ್ತಲ್ಲ? ಅಜ್ಜ ಬೇಡ ಅಂದರಾ?”

“ಸುಮ್ಮನಿರು ಅಂತ ಒಂದು ದಿನವೂ ಹೇಳಲಿಲ್ಲ ಮಗಾ. ಹೇಳು ಅಂತಲೂ ಹೇಳಲಿಲ್ಲ.”

ನಾನು ಪ್ರಾಣದಂತೆ ಕಾದುಕೊಂಡಿದ್ದ ಅಜ್ಜನ ಮೇಲೆ ಅಂದು ಮೊದಲ ಸಲ ಕೋಪ ಬಂತು. ಅಷ್ಟರಲ್ಲಿ ಫೋನು ಸದ್ದು ಮಾಡಿತು, ಉಜ್ವಲನ ಮೆಸೇಜ್. ‘ಭಾನುವಾರ ಬರುವುದಿಲ್ಲವೆಂದು ತಿಳಿಸಿದ್ದೇನೆ. ಪ್ರಬಂಧ ಅಳಿಸಿದ್ದೇನೆ. ನಿಮ್ಮ ಅಜ್ಜನ ಹೆಸರು ಹಾಗೆಯೇ ಇರಲಿ. ನನಗೆ ನೀವು ಸಾಕು.’

ಬೇರೆ ಯಾವಾಗಲಾದರೂ ಆ ಕೊನೆಯ ಸಾಲನ್ನು ಎದೆಗೊತ್ತಿಕೊಳ್ಳುತ್ತಿದ್ದೆ. ಈಗ ಹೆದರಿಕೆಯಾಯಿತು. ಅಜ್ಜಿಯೂ ಒಂದು ಕಾಲಕ್ಕೆ ‘ನನಗೆ ನೀವು ಸಾಕು’ ಎಂದುಕೊಂಡೇ ಸುಮ್ಮನಾಗಿರಬೇಕು. ಈಗ ಉಜ್ವಲನೂ ಹಾಗೆಯೇ ಬಾಯಿ ಮುಚ್ಚಿಕೊಳ್ಳಲು ನಾನೇ ಕಾರಣಳಾಗುತ್ತಿದ್ದೆ.

“ಅಜ್ಜಿ,” ಅಂದೆ, “ಹೇಳಿ. ಭಾನುವಾರ ಎಲ್ಲರ ಎದುರು ಹೇಳಿ.”

“ಜನ ನಿನ್ನ ಅಜ್ಜನನ್ನು ಕಳ್ಳ ಅಂತಾರೆ.”

“ಅವರಿಗೆ ನಾನು ಉತ್ತರ ಕೊಡ್ತೇನೆ.”

ಅಜ್ಜಿ ನನ್ನ ಮುಖವನ್ನೇ ನೋಡಿದರು. ಹೂಂ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯಿಂದ ತೆಗೆದ ರೇಷ್ಮೆ ಸೀರೆಯೊಂದು ಹಗ್ಗದ ಮೇಲೆ ಗಾಳಿಗೆ ಆಡುತ್ತಿತ್ತು.

ರಜೆ ಹಾಕಿ ಕಾರ್ಕಳದ ಬಸ್ಸು ಹತ್ತಿದೆ. ಫೋನು ಮಾಡಿದ್ದಕ್ಕೆ ಉಜ್ವಲ್ ಅಲ್ಲಿನ ಆನೆಕೆರೆಯ ದಂಡೆಗೆ ಬಂದ. ಗಡ್ಡ ತೆಗೆದಿರಲಿಲ್ಲ, ನಿದ್ದೆಗೆಟ್ಟ ಕಣ್ಣು ಕೆಂಪಾಗಿತ್ತು. ನನ್ನನ್ನು ಕಂಡು ಹತ್ತಿರ ಬರಬೇಕೋ ಬೇಡವೋ ಎಂದು ದೂರದಲ್ಲೇ ನಿಂತ.

“ಅಳಿಸಿದ್ದನ್ನು ತಿರುಗಿ ಬರೆಯಿರಿ,” ಅಂದೆ.

“ನೀವೇ ಅಲ್ವಾ ಕಾಪುವಿಗೆ ಬರಬೇಡಿ ಅಂದದ್ದು?”

“ಸಿಟ್ಟು ಬಂದರೆ ನಾನು ಎಂತೆಂತದ್ದೋ ಹೇಳ್ತೇನೆ. ಅದನ್ನು ಕೇಳಿ ನೀವು ಬಾಯಿ ಮುಚ್ಚಿಕೊಳ್ಳುವುದಾದರೆ ನಮ್ಮಿಬ್ಬರಿಗೆ ಸರಿಹೋಗುವುದಿಲ್ಲ.”

“ನಮ್ಮಿಬ್ಬರಿಗೆ?” ಅವನ ಹುಬ್ಬು ಮೆಲ್ಲಗೆ ಮೇಲೇರಿತು.

“ಪ್ರೀತಿ ಇಲ್ಲದೆ ಯಾರಾದರೂ ಶನಿವಾರದ ರಶ್ಶಿನಲ್ಲಿ ಅಂಗಡಿ ಬಿಟ್ಟು ಬರ್ತಾರಾ?” ದುಪಟ್ಟಾದಿಂದ ಕಣ್ಣೊರೆಸಿಕೊಂಡೆ. “ನನಗೆ ನೀವು ಬೇಕು. ಜಗಳ ಮಾಡುವ ನೀವು. ನನ್ನ ಕಣ್ಣೀರಿಗೆ ಹೆದರಿ ನುಂಗಿಕೊಳ್ಳುವ ನೀವು ಬೇಡ.”

ಅವನು ಹತ್ತಿರ ಬಂದ. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ, ಹಾಕಿಕೊಳ್ಳುವುದನ್ನು ಮರೆತ. “ನಂಬರ್ ಇಲ್ಲದೆಯೂ ಕಾಣ್ತಾ ಉಂಟು,” ಅಂದ, “ನೀನು ಅಳ್ತಾ ಇದ್ದೀ.”

ಮೊದಲ ಸಲ ನೀನು ಅಂದಿದ್ದ. ನಾನು ತಿದ್ದಲಿಲ್ಲ.

ಆಮೇಲೆ ಅಜ್ಜಿಯ ವಿಷಯ ಹೇಳಿದೆ. ಅವನು ಕೆರೆಯ ಕಟ್ಟೆಯ ಮೇಲೆ ಕುಕ್ಕರಿಸಿಬಿಟ್ಟ.

“ನಾಲಗೆ ಕಾರ್ಕಳದ್ದು ಅಂತ ಕಂಡುಹಿಡಿದೆ. ಅದು ಹೆಂಗಸಿನದ್ದಿರಬಹುದು ಅಂತ ಹೊಳೆಯಲೇ ಇಲ್ಲವಲ್ಲ ಮಾರಾಯ್ತಿ. ನಾಳೆ ಎಂಥ ತಪ್ಪು ಮಾಡುವವನಿದ್ದೆ ನಾನು!”

ಭಾನುವಾರ ಉಡುಪಿಯ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ನೇಮಿರಾಜ ಮಾಸ್ಟ್ರ ಪಕ್ಷದವರು, ಅವರ ಹಿಂದೆ ನಮ್ಮ ಕಾಪುವಿನವರು. ಸಮಗ್ರ ಸಂಪುಟಗಳು ಮೇಜಿನ ಮೇಲೆ ಅಜ್ಜನ ಹೆಸರು ಹೊತ್ತು ಕುಳಿತಿದ್ದವು. ಉಜ್ವಲ್ ಆ ಒಂದು ಜೋಕನ್ನು ಬಿಡಿಸಿ ಹೇಳಿದ. ಮಾಸ್ಟ್ರ ಪಕ್ಷದವರ ಮುಖ ಅರಳಿತು. ಆಗ ಅವನು, “ಬರೆದವರು ಇಲ್ಲೇ ಇದ್ದಾರೆ. ಮನೋರಮಾ ಅಮ್ಮ, ಬನ್ನಿ,” ಎಂದ.

ಅಜ್ಜಿ ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಮೈಕಿನ ಮುಂದೆ ನಿಂತು, ಹುಟ್ಟೂರಿನ ತುಳುವಿನಲ್ಲಿ, ತಾನು ಯಾರ ಮಗಳೆಂದು ಹೇಳಿದರು. ತಾನೇ ಬರೆದದ್ದೆಂದು ಹೇಳಿದರು. ಪುರಾವೆ ಏನು ಎಂದು ಯಾರೋ ಕೇಳಿದರು.

“ಯಾರೂ ನಗದ ಜೋಕು ಇನ್ನೂ ಉಂಟು. ಒಂದೊಂದೇ ಹೇಳ್ತೇನೆ.”

ಹೇಳಿದರು. ಕಾರ್ಕಳದವರು ನಗತೊಡಗಿದರು, ತಡವಾಗಿ ಉಳಿದವರೂ. ಆಗ ಹಿಂದಿನಿಂದ ಒಂದು ದನಿ ಎದ್ದಿತು, ನಮ್ಮೂರಿನದ್ದೇ. “ಹಾಗಾದರೆ ನಮ್ಮ ಶೇಖರಣ್ಣ ಕಳ್ಳನಾ?”

ನಗು ನಿಂತುಹೋಯಿತು. ಅಜ್ಜಿಯ ಕೈ ನನ್ನ ತೋಳಿನಲ್ಲಿ ಬಿಗಿಯಾಯಿತು. ಉತ್ತರ ಕೊಡುತ್ತೇನೆಂದು ಮಾತು ಕೊಟ್ಟವಳು ನಾನು. ಮೈಕು ನನ್ನ ಕಡೆ ತಿರುಗಿಸಿಕೊಂಡೆ.

“ನನ್ನ ಅಜ್ಜ ಬರೆಯಲಿಲ್ಲ.” ಈ ಮಾತು ಹೇಳಿದವರ ಜೊತೆ ಎಷ್ಟು ಜಗಳ ಮಾಡಿದ್ದೆ! “ಅಜ್ಜ ದೊಡ್ಡ ನಟ. ಅವರು ಆಡದಿದ್ದರೆ ಈ ಮಾತುಗಳು ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಆದರೆ ಹೆಂಡತಿಯ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ಅದು ತಪ್ಪು. ಅಜ್ಜನನ್ನು ಪ್ರೀತಿಸುವವಳಾಗಿಯೇ ಹೇಳ್ತೇನೆ, ತಪ್ಪು.”

ಕಾಪುವಿನವರ ನಡುವೆ ಕುಳಿತಿದ್ದ ನನ್ನ ಅಪ್ಪ ತಲೆ ತಗ್ಗಿಸಿದ್ದರು. ಮೈಕಿನಿಂದ ಹಿಂದೆ ಸರಿದಾಗ ಪಕ್ಕದಿಂದ ಉಜ್ವಲನ ಕೈ ಬಂದು ನನ್ನ ಕೈ ಹಿಡಿಯಿತು. ಊರು, ನೆಂಟರು, ಎರಡು ಪಕ್ಷದವರು, ಎಲ್ಲರೂ ನೋಡುತ್ತಿದ್ದರು. ಬಿಡಿಸಿಕೊಳ್ಳಬಹುದಿತ್ತು. ನಾನು ಇನ್ನೂ ಗಟ್ಟಿಯಾಗಿ ಹಿಡಿದೆ.

ಸುದ್ದಿ ನಮಗಿಂತ ಮೊದಲೇ ಕಾಪುವಿಗೆ ತಲುಪಿತ್ತು, ಎರಡೂ ಸುದ್ದಿ. ಬಸ್ಸಿನಿಂದ ನಾವು ಮೂವರು ಇಳಿದಾಗ ರಿಕ್ಷಾದ ಶೀನಣ್ಣ ಕಾದೇ ಇದ್ದ.

“ನಾಟಕ ಬರೆದದ್ದು ಅಜ್ಜಿಯಂತೆ, ಹೌದಾ?”

“ಹೌದು ಶೀನಣ್ಣ.”

ಅವನು ಅಜ್ಜಿಗೆ ಕೈಮುಗಿದ. ಉಜ್ವಲನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಮತ್ತೆ ಇವರು?”

ಉಜ್ವಲ್ ಏನೋ ಹೇಳಲು ಬಾಯಿ ತೆರೆದ. ಅಜ್ಜಿ ಅವನ ಮೊಣಕೈ ಒತ್ತಿ, ನನ್ನ ಕಡೆ ನೋಡಿದರು.

“ನನ್ನವನು,” ಅಂದೆ, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ.