ಈಲಿ ತುಂಬಿದ ಎಲೆ

"ತಿರುಗ್ಬೇಡ ಕಣವ್ವಾ! ತಿರುಗಿದ್ರೆ ಮೋಸ ಆಯ್ತದೆ!"

ಪಾಲು ಹಾಕುತ್ತಿದ್ದ ಚಿಕ್ಕಬೀರಯ್ಯ ಕೂಗಿದ ಕೂಡಲೇ ಸಣ್ಣತಾಯಿ ಮತ್ತೆ ಚಾವಡಿಯ ಕಡೆ ಮುಖ ಮಾಡಿದಳು. ತೆರೆದ ಬಾಗಿಲೊಳಗೆ ಕಾಣುತ್ತಿದ್ದ ಮಹಾರಾಜರ ಪಟವನ್ನೇ ನೋಡುತ್ತ ನಿಂತಳು. ಅವಳ ಬೆನ್ನ ಹಿಂದೆ ಮುತ್ತುಗದ ಎಲೆಗಳ ಮೇಲೆ ಬಾಡಿನ ಗುಡ್ಡೆಗಳು ಸಾಲಾಗಿ ಕೂತಿದ್ದವು.

ಅಂದು ಯುಗಾದಿಯ ಮಾರನೇ ದಿನ, ಹೊಸ್ತೊಡಕು. ಕೇರಿಯವರೆಲ್ಲ ಸೇರಿ ಕುರಿ ತಂದು, ಕೊಯ್ಯಿಸಿ, ಸಮನಾಗಿ ಪಾಲು ಮಾಡಿದ್ದರು. ಯಾವ ಗುಡ್ಡೆ ಯಾರಿಗೆ ಅನ್ನುವುದನ್ನು ಒಂದು ಮಗು ಹೇಳಬೇಕು, ಅದೂ ನೋಡದೆ. ಆಗ ಯಾರೂ ಜಗಳ ತೆಗೆಯುವಂತಿಲ್ಲ.

"ಇದು ಯಾರ್ಗೆ?" ಚಿಕ್ಕಬೀರಯ್ಯ ಒಂದು ಗುಡ್ಡೆಗೆ ಕೋಲು ತೋರಿಸಿ ಕೇಳಿದ.

"ನಂಜಯ್ಯ ಮಾವನ್ಗೆ!"

"ಇದು?"

"ಚಲುವಯ್ಯ ಮಾವನ್ಗೆ!"

"ನಿಮ್ಮಪ್ಪನ ಹೆಸರು ಮರ್ತೇಬುಟ್ಟೇನವ್ವಾ?" ಯಾರೋ ನಕ್ಕರು.

"ಇದು ನಮ್ಗೆ!" ಎಂದು ಕೂಗಿ ಸಣ್ಣತಾಯಿ ಗಿರಕ್ಕನೆ ತಿರುಗಿದಳು.

ಅವರ ಗುಡ್ಡೆಯಲ್ಲಿ ತೊಡೆಯ ಚೂರುಗಳಿದ್ದವು, ಪಕ್ಕೆ ಎಲುಬುಗಳಿದ್ದವು, ಅವಳಿಗೆ ಇಷ್ಟವಾದ ನಲ್ಲಿ ಮೂಳೆಯೂ ಇತ್ತು. ಆದರೆ ಈಲಿ, ಆ ಮೆತ್ತನೆಯ ಯಕೃತ್ತು? ಹೆಬ್ಬೆರಳಿನಷ್ಟು ಒಂದೇ ಚೂರು. ಎಲ್ಲರ ಗುಡ್ಡೆಯಲ್ಲೂ ಅಷ್ಟೇ.

ಸಣ್ಣತಾಯಿಯ ಮುಖ ಸಪ್ಪಗಾಯಿತು.

ಅಜ್ಜಿ ದೊಡ್ಡತಾಯಮ್ಮನಿಗೆ ಚಳಿಜ್ವರ ಬಂದು ಹೋಗಿತ್ತು. ಜ್ವರ ಬಿಟ್ಟರೂ ಬಾಯಿರುಚಿ ಬಂದಿರಲಿಲ್ಲ. "ಆ ಕ್ವಿನೈನು ನನ್ನ ನಾಲ್ಗೇನೇ ತಿಂದಾಕ್ತು" ಎಂದು ಗಂಜಿಯನ್ನೂ ಪಕ್ಕಕ್ಕೆ ತಳ್ಳುತ್ತಿದ್ದಳು. "ಇಂಗೇ ಉಪವಾಸ ಇದ್ರೆ ಉಳಿಯೋದು ಕಷ್ಟ" ಎಂದು ಪಿರಿಯಾಪಟ್ಟಣದ ಡಾಕ್ಟ್ರು ಅಪ್ಪನಿಗೆ ಹೇಳಿದ್ದನ್ನು ಸಣ್ಣತಾಯಿ ಕೇಳಿಸಿಕೊಂಡಿದ್ದಳು. ನಿನ್ನೆ ಮಾತ್ರ ಅಜ್ಜಿ ತಾನಾಗಿಯೇ ಬಾಯಿಬಿಟ್ಟು ಕೇಳಿದ್ದಳು: "ಈಲಿ ಇದ್ರೆ ಒಸಿ ತಿನ್ನಬೋದಾಗಿತ್ತು. ಮೆತ್ತಗಿರ್ತದೆ."

ಈ ಹೆಬ್ಬೆರಳಿನಷ್ಟು ಸಾಕಾದೀತೇ?

ಆಗ ಸಣ್ಣತಾಯಿಗೆ ಹೊಳೆಯಿತು. ಹೊಸ್ತೊಡಕಿನ ದಿನ ಹೆಂಗಸರು ಎಲೆ ಹಿಡಿದು ಮನೆ ಮನೆಗೆ ಹೋಗುತ್ತಿದ್ದರಲ್ಲ! ಕೊಬ್ಬು ತಿನ್ನದವರು ಕೊಬ್ಬು ಕೊಟ್ಟು ಮೂಳೆ ತರುತ್ತಿದ್ದರು. ಮೂಳೆ ಬೇಡದವರು ಬೋಟಿ ತರುತ್ತಿದ್ದರು. ಅವಳು ಎಲೆಯನ್ನು ಎತ್ತಿಕೊಂಡು ನಂಜಯ್ಯನ ಮನೆಗೆ ಓಡಿದಳು.

"ಅತ್ತೇ, ಈಲಿ ಕೊಡ್ತೀರಾ? ಬದ್ಲಿಗೆ ತೊಡೆ ಚೂರು ಕೊಡ್ತೀನಿ."

"ತಗೊಂಡೋಗವ್ವಾ ತಾಯಿ," ಅಂದಳು ನಂಜಯ್ಯನ ಹೆಂಡತಿ. "ನಮ್ಮ ಬಸುರಿ ಮಗ್ಳು ಅದರ ವಾಸ್ನೆಗೇ ವಾಂತಿ ಮಾಡ್ಕತಾಳೆ."

ಚಲುವಯ್ಯನ ಮನೆ ತುಂಬ ಮಕ್ಕಳು. ಅವನ ಹೆಂಡತಿ ಎಲೆಯೊಳಗೆ ಇಣುಕಿ ನೋಡಿದಳು. "ಆ ನಲ್ಲಿ ಮೂಳೆ ಕೊಟ್ರೆ ಈಲಿ ಕೊಡ್ತೀನಿ ಕಣೆ."

ಸಣ್ಣತಾಯಿ ನಲ್ಲಿ ಮೂಳೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬೇರೆ ಕಡೆ ನೋಡುತ್ತ ಕೊಟ್ಟುಬಿಟ್ಟಳು.

ಹೀಗೇ ಇನ್ನೂ ಕೆಲವು ಮನೆ ತಿರುಗಿದಳು. ಎಲೆ ತುಂಬ ಕಪ್ಪುಗೆಂಪು ಈಲಿ ಆಯಿತು. ಗೆದ್ದವಳಂತೆ ಮನೆಗೆ ಬಂದಳು.

ಅವ್ವ ಎಲೆ ಬಿಚ್ಚಿದಳು. ಅವಳ ಕೈ ಹಾಗೇ ನಿಂತಿತು.

"ಬಾಡೆಲ್ಲೇ?"

"ಎಲ್ಲಾ ಕೊಟ್ಟು ಈಲಿ ತಂದೆ ಕಣವ್ವಾ! ಅಜ್ಜಿಗೆ!"

"ಅಯ್ಯೋ ನನ್ ಮಗ್ಳೇ! ನಿಮ್ಮಪ್ಪ ಈಲಿ ಮೂಸೂ ನೋಡಾಕಿಲ್ಲ ಕಣೆ! ಔಸ್ತಿ, ಆಸ್ಪತ್ರೆ ಅಂತ ದುಡ್ಡೆಲ್ಲ ಹೋಗಿ ಈ ಸಲ ಒಂದೇ ಪಾಲು ಹಾಕಿರೋದು. ಬೆಳಗಿಂದ ಬಾಡು ಬಾಡು ಅಂತ ಕುಣೀತಿದ್ರು. ಈಗ ಎಸರಿಗೆ ಏನಾಕ್ಲಿ?"

ಸಣ್ಣತಾಯಿಯ ಕಣ್ಣುಗಳು ತುಂಬಿಕೊಂಡವು. ಅವ್ವ ಅವಳ ತಲೆ ಸವರಿ ಒಲೆಯ ಮುಂದೆ ಕೂತಳು. ಉಳಿದಿದ್ದ ಒಂದು ಪಕ್ಕೆ ಎಲುಬಿಗೆ ಅವರೆಕಾಳು ಸೇರಿಸಿ ಎಸರು ಮಾಡಿದಳು. ಈಲಿಗೆ ಉಪ್ಪು, ಮೆಣಸು ಹಾಕಿ ಹುರಿದಳು.

ಘಮ್ಮೆನ್ನುವ ಈಲಿಯನ್ನು ಸಣ್ಣತಾಯಿ ಅಜ್ಜಿಯ ಮುಂದಿಟ್ಟಳು. ಅಜ್ಜಿಯ ಕೈ ಮುಂದೆ ಬಂತು. ಮತ್ತೆ ಹಿಂದೆ ಹೋಯಿತು.

"ನನ್ ಮಗ ಉಂಡನಾ?"

"ಈಗ ಬತ್ತಾರೆ ಅತ್ತೆ, ನೀವು ತಿನ್ನಿ" ಅಂದಳು ಅವ್ವ.

"ಅವನು ತಿನ್ಲಿ. ಹಬ್ಬದ ಬಾಡು ಅವನ ಗಂಗಳದಾಗಿಲ್ದೆ ನನ್ನ ಗಂಟಲಲ್ಲಿ ಇಳೀತದಾ?"

ಅಷ್ಟರಲ್ಲಿ ಅಪ್ಪ ನಿಂಗಯ್ಯ ಹಿತ್ತಲಲ್ಲಿ ಕೈಕಾಲು ತೊಳೆದು ಬಂದು ಕೂತ. ಗಂಗಳದಲ್ಲಿದ್ದ ಎಸರನ್ನು ಬೆರಳಲ್ಲಿ ಕೆದಕಿದ. ಬರೀ ಅವರೆಕಾಳು.

"ಬಾಡೆಲ್ಲೋಯ್ತು? ಬೆಕ್ಕು ಕಚ್ಕೊಂಡೋಯ್ತಾ?"

ಅವ್ವ ಒಲೆಯ ಕಡೆ ನೋಡಿದಳು. ಬಾಗಿಲ ಸಂದಿಯಿಂದ ಸಣ್ಣತಾಯಿಯೇ ಹೇಳಿದಳು.

"ಬೆಕ್ಕಲ್ಲಪ್ಪಾ, ನಾನು. ಎಲ್ಲಾ ಕೊಟ್ಟು ಈಲಿ ತಂದ್ಬುಟ್ಟೆ. ಅಜ್ಜಿ ಕೇಳ್ತು ಅಂತ."

ಅಪ್ಪನ ಮೀಸೆ ಅಲುಗಿತು. ಇನ್ನೇನು ಬೈಗುಳ ಬರುತ್ತದೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು.

"ನಿಂಗಾ, ಉಂಡ್ಯೇನ್ಲಾ?" ಚಾಪೆಯ ಮೇಲಿಂದ ಅಜ್ಜಿಯ ಸಣ್ಣ ದನಿ.

ಅಪ್ಪ ಅತ್ತ ತಿರುಗಿದ. ಅಜ್ಜಿಯ ಮುಂದೆ ಈಲಿ ಮುಟ್ಟದೆ ಹಾಗೇ ಇತ್ತು. ಅವನು ಅದನ್ನು ನೋಡಿದ, ಅಜ್ಜಿಯ ಬತ್ತಿದ ಕೆನ್ನೆ ನೋಡಿದ.

"ನಂಗೂ ಒಸಿ ಈಲಿ ಇಕ್ಕು" ಅಂದ ಅವ್ವನಿಗೆ.

"ನಿಮ್ಗಾ?"

"ಊಂ ಕಣೆ, ನಂಗೇಯ."

ಅಪ್ಪ ಒಂದು ಚೂರು ಎತ್ತಿ ಅಜ್ಜಿಗೆ ತೋರಿಸಿ ಬಾಯಿಗೆ ಹಾಕಿಕೊಂಡ. ಸಣ್ಣತಾಯಿ ಅವನ ದವಡೆಯನ್ನೇ ನೋಡುತ್ತಿದ್ದಳು. ದವಡೆ ಆಡಲೇ ಇಲ್ಲ. ಮುದ್ದೆ ನುಂಗುವ ಹಾಗೆ ಇಡೀ ಚೂರನ್ನು ನುಂಗಿಬಿಟ್ಟಿದ್ದ. ಕಣ್ಣಂಚಿನಲ್ಲಿ ನೀರು.

"ಏನ್ ರುಚಿ ಅಂತೀಯ ಅವ್ವಾ! ಬೆಣ್ಣೆ ಕಣವ್ವ, ಬೆಣ್ಣೆ!"

"ಚಿಕ್ಕೋನಿದ್ದಾಗ ತೂ ಅಂತ ಉಗೀತಿದ್ದೆ" ಎಂದು ಅಜ್ಜಿ ಬೋಡು ಬಾಯಿ ತುಂಬ ನಕ್ಕಳು.

"ಆಗ ಬುದ್ಧಿ ಇರ್ನಿಲ್ಲ ಬುಡು."

ಅಜ್ಜಿ ಒಂದು ಚೂರು ಬಾಯಿಗಿಟ್ಟುಕೊಂಡಳು. ವಸಡಿನಲ್ಲೇ ಮೆಲ್ಲಗೆ ಅರೆದಳು. ಇನ್ನೊಂದು ತೆಗೆದುಕೊಂಡಳು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನೀನೂ ಇನ್ನೊಂದು ತಿನ್ನು ಮಗಾ" ಅಂದಳು ಅಜ್ಜಿ.

ಅಪ್ಪನ ಕೈ ಗಂಗಳದ ಮೇಲೆ ತಡೆಯಿತು.

ಯಾರೂ ಹೇಳದೆ ಸಣ್ಣತಾಯಿಯೇ ಎದ್ದು ಎಸರಿನ ಮಡಕೆ, ಸೌಟು ತಂದಳು. ಅಪ್ಪನ ಗಂಗಳಕ್ಕೆ ಬಿಸಿ ಎಸರನ್ನು ತುಂಬ ಬಿಟ್ಟಳು. ಅಪ್ಪ ತಲೆಯೆತ್ತಿ ಮಗಳ ಮುಖ ನೋಡಿದ. ಆಮೇಲೆ ಮುದ್ದೆ ಮುರಿದು, ಈಲಿ ಚೂರನ್ನು ಅದರೊಳಗೆ ಹುದುಗಿಸಿ, ಎಸರಿನಲ್ಲಿ ಅದ್ದಿ ನುಂಗಿದ.

ಅಜ್ಜಿ ಮತ್ತೊಂದು ಚೂರಿಗೆ ಕೈ ಹಾಕಿದಳು.

ಸಣ್ಣತಾಯಿ ಸೌಟು ಕೆಳಗಿಡಲಿಲ್ಲ.