ಫಕೀರವ್ವನ ಮೂಲೆ

“ಇಪ್ಪತ್ತ ವರ್ಷ ಈ ಶೆಡ್ಡಿನ ಅನ್ನಾ ಉಂಡು, ಇಲ್ಲಿ ಮಂದಿಗೇ ವಿಷಾ ಹಾಕಿದಿ,” ಎಂದ ಮುರಿಗೆಪ್ಪ. “ಸುಳ್ಳಂದ್ರ ಇಲ್ಲಿ ನೋಡಬೇ. ನಾ ಹೇಳಾಕತ್ತಿಲ್ಲ, ಮಷೀನ ಹೇಳಾಕತ್ತೈತಿ.”

ಅಂಗೈಯಗಲದ ಪರದೆಯನ್ನು ಅವಳ ಮುಖಕ್ಕೇ ಹಿಡಿದಿದ್ದ. ಅದರ ಮೇಲೆ ಅರವತ್ತೆರಡು ಚುಕ್ಕೆಗಳು. ಕೊಳ್ಳಿಹಾಳದ ನೇಕಾರರ ಸಹಕಾರಿ ಶೆಡ್ಡಿನಲ್ಲಿ ದುಡಿಯುವ ಒಬ್ಬೊಬ್ಬರಿಗೆ ಒಂದೊಂದು. ಮೂಲೆಯ ಒಂದು ಚುಕ್ಕೆಗೆ ಮಾತ್ರ ಕಡುಗೆಂಪು ಗೆರೆಗಳು ಎಲ್ಲ ಕಡೆಯಿಂದ ಬಂದು ಕೂಡಿದ್ದವು.

ಫಕೀರವ್ವ ರಾಟೆ ನಿಲ್ಲಿಸಲಿಲ್ಲ. “ನನಗ ಸಣ್ಣ ಅಕ್ಷರಾ ಕಾಣಂಗಿಲ್ಲೋ ಯಪ್ಪಾ. ಏನ ಬರದೈತಿ ನೀನ ಓದಿ ಹೇಳ.”

“ನಿನ್ನ ಹಂತ್ಯಾಕ ಕುಂತವರ ಮನಸ ಕೆಡತೈತಿ ಅಂತ ಬರದೈತಿ. ನನ್ನ ತಮ್ಮನ್ನ ಹಾಳ ಮಾಡಿದಾಕಿ ನೀನ.”

ಆ ಯಂತ್ರದ ಹೆಸರು ಮನೋಭಾರಮಾಪಕ. ಊರಿನವರ ಬಾಯಲ್ಲಿ ಅದು ಮನಸಿನ ಕಾಟಾ. ಮುಂಗೈಗೆ ಕಟ್ಟುವ ಒಂದು ತೆಳ್ಳನೆ ಪಟ್ಟಿ. ಖಿನ್ನತೆ ಎಂಬ ಕಾಯಿಲೆ ರಕ್ತ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಅದಕ್ಕೇ ಈ ಪಟ್ಟಿ ಮನುಷ್ಯನ ಬದುಕನ್ನೇ ತೂಗುತ್ತಿತ್ತು: ಎಷ್ಟು ಹೊತ್ತು ನಿದ್ದೆ ಮಾಡಿದ, ಎಷ್ಟು ಬಿಸಿಲು ಕಂಡ, ಎಷ್ಟು ನಡೆದ, ಎಷ್ಟು ಕುಡಿದ, ಯಾರ ಜೊತೆ ಕೂತು ಉಂಡ, ಎಷ್ಟು ಮಾತಾಡಿದ. ಎಲ್ಲವನ್ನೂ ಕೂಡಿಸಿ ತಾಸಿಗೊಮ್ಮೆ ಬಣ್ಣ ತೋರಿಸುತ್ತಿತ್ತು. ಹಸಿರಾದರೆ ಸರಿ, ಕೆಂಪಾದರೆ ಅಪಾಯ. ಮನಸ್ಸು ಕುಸಿದ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಿದ್ದರು ಎಂಬುದನ್ನೂ ಅದು ಗುರುತು ಹಾಕಿಕೊಳ್ಳುತ್ತಿತ್ತು. ಹಾಗೆ ಮೂಡಿದ ಚಿತ್ರಕ್ಕೆ ನಂಟುನಕ್ಷೆ ಎಂದು ಹೆಸರು. ಈ ಪಟ್ಟಿಯನ್ನು ಎಲ್ಲರ ಕೈಗೆ ಕಟ್ಟಿಸಿದವರು ಡಾಕ್ಟರ್ ಸುನಂದಾ ಹೆರೂರ, ಒಂದು ಸಂಶೋಧನಾ ಕೇಂದ್ರದವರು. ಕೆಟ್ಟ ಹೆಂಗಸಲ್ಲ. ತಿಂಗಳಿಗೆ ಎರಡು ಸಲ ಬಂದು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿ ಹೋಗುತ್ತಿದ್ದರು.

ಮುರಿಗೆಪ್ಪ ಶೆಡ್ಡಿನ ಮುಕಾದಮ. ಯಾವ ಮಗ್ಗಕ್ಕೆ ಯಾರು, ಯಾವ ಪಾಳಿಗೆ ಯಾರು ಎಂದು ಹೇಳುವವನು ಅವನೇ. ಅವನ ತಮ್ಮ ಮಾಗುಂಡಪ್ಪನಿಗೆ ಮೂವತ್ತಾರು ವರ್ಷ. ಹನ್ನೊಂದು ವರ್ಷದಿಂದ ರಾತ್ರಿ ಪಾಳಿ. ಹಗಲೆಲ್ಲ ಕಿಟಕಿಗೆ ಗೋಣಿಚೀಲ ಕಟ್ಟಿ ಮಲಗುತ್ತಿದ್ದ, ನಿದ್ದೆ ಬರುತ್ತಿರಲಿಲ್ಲ. ಗಂಡನ ಮುಖವನ್ನೇ ಕಾಣದ ಹೆಂಡತಿ ಎರಡು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಆಮೇಲೆ ಕುಡಿತ ಶುರುವಾಯಿತು. ಡಬ್ಬಿಯ ಊಟ ಒಬ್ಬನೇ ಉಣ್ಣುವುದು, ಅದೂ ಅರ್ಧ. ಒಮ್ಮೆ ಬಾವಿಯ ಕಟ್ಟೆಯ ಮೇಲೆ ಬಹಳ ಹೊತ್ತು ನಿಂತವನನ್ನು ಯಾರೋ ಹಿಡಿದು ತಂದಿದ್ದರು. ಅಂದಿನಿಂದ ಮುರಿಗೆಪ್ಪನ ಎದೆಯಲ್ಲಿ ಒಂದೇ ಭಯ. ತಮ್ಮ ಉಳಿಯಬೇಕು. ಅದಕ್ಕೇ ಯಂತ್ರ ದಾರಿ ತೋರಿಸಿದಾಗ ಅವನಿಗೆ ಸಿಟ್ಟಿನ ಜೊತೆ ಸಮಾಧಾನವೂ ಆಯಿತು. ತಪ್ಪು ಮಾಡಿದವರು ಯಾರು ಎಂದು ಗೊತ್ತಾಯಿತಲ್ಲ.

ತಮ್ಮನ ಬಗ್ಗೆ ಡಾಕ್ಟರ್ ಪರದೆಗೆ ಕಳಿಸಿದ ವರದಿಯ ಮೊದಲ ಸಾಲು ಬೇರೆಯೇ ಇತ್ತು. ‘ರಾತ್ರಿ ಪಾಳಿ ತಪ್ಪಿಸುವುದು’ ಎಂದು. ಮುರಿಗೆಪ್ಪ ಅದನ್ನು ಓದಿ, ಹೆಬ್ಬೆರಳಿನಿಂದ ಮೇಲೆ ಸರಿಸಿ, ‘ಫಕೀರವ್ವನನ್ನು ಕೆಲಸದಿಂದ ಬಿಡಿಸುವುದು’ ಎಂಬ ಎರಡನೆಯ ಸಾಲಿಗೆ ಹೋಗಿದ್ದ.

ಫಕೀರವ್ವ ಕಂಡಿಕೆ ಸುತ್ತುವವಳು. ಲಾಳಿಯೊಳಗೆ ಕೂರುವ ನೂಲಿನ ಸುರುಳಿಗಳನ್ನು ಮೂಲೆಯಲ್ಲಿ ಕೂತು ರಾಟೆಯಿಂದ ಸುತ್ತುತ್ತಿದ್ದಳು. ಆ ಶೆಡ್ಡಿನಲ್ಲಿ ಅಜ್ಜಂದಿರ ಕಾಲದಿಂದ ಒಂದು ರೂಢಿ. ನೇಕಾರನ ಕೈಯಲ್ಲಿ ತಾಸಿಗೆ ಮೂರು ಸಲ ಎಳೆ ಕಡಿದರೆ, ಮನಸ್ಸು ನೆಟ್ಟಗಿಲ್ಲವೆಂದು ತಿಳಿದು, ಯಾರೂ ಬೈಯುತ್ತಿರಲಿಲ್ಲ. “ಹೋಗಿ ನಾಕ ಕಂಡಿಕಿ ಸುತ್ತಿ ಬಾ” ಎನ್ನುತ್ತಿದ್ದರು. ಅವನು ಹೋಗಿ ಅವಳ ಪಕ್ಕ ಕೂರುತ್ತಿದ್ದ. ಮಾಗುಂಡಪ್ಪ ರಾತ್ರಿ ಪಾಳಿ ಮುಗಿಸಿ ಮುಂಜಾನೆ ಬಂದು ಕೂರುತ್ತಿದ್ದ. ಅವಳೇನೂ ಬುದ್ಧಿ ಹೇಳುತ್ತಿರಲಿಲ್ಲ. ಮನೆಯಲ್ಲಿ ಏನು ಅಡುಗೆ, ಜಳಕ ಮಾಡಿ ಎಷ್ಟು ದಿನವಾಯಿತು ಎಂದು ಕೇಳುತ್ತಿದ್ದಳು, ನಡುವೆ ಬೈಯುತ್ತಿದ್ದಳು. ಕೆಲವರು ಅತ್ತರೆ ಕಂಡೂ ಕಾಣದವಳಂತೆ ಇನ್ನೊಂದು ಲಡಿ ನೂಲು ಕೈಗೆ ಕೊಡುತ್ತಿದ್ದಳು. ಇದಕ್ಕೆ ಯಾರೂ ಔಷಧ ಎಂದು ಹೆಸರಿಟ್ಟಿರಲಿಲ್ಲ, ಹೇಳಬೇಕಾದ ಸಂಗತಿ ಎಂದೂ ತಿಳಿದಿರಲಿಲ್ಲ. ಡಾಕ್ಟರ ಕಾಗದದಲ್ಲಿ ಅವಳ ಕೆಲಸದ ಮುಂದೆ ‘ಕಂಡಿಕೆ ಸುತ್ತುವುದು’ ಎಂದಷ್ಟೇ ಇತ್ತು.

ನಾಳೆಯಿಂದ ಬರಬೇಡ ಎಂದು ಮುರಿಗೆಪ್ಪ ಹೇಳಿದಾಗ ಅವಳು ಕೈಯಲ್ಲಿದ್ದ ಕಂಡಿಕೆ ಮುಗಿಸಿ, ಎಳೆ ಕಡಿದು, ಎದ್ದಳು. ಜಗಳವಾಡಲಿಲ್ಲ. ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. “ಮಾಗುಂಡ ಮುಂಜಾನೆ ಏನೂ ತಿಂದಿರಂಗಿಲ್ಲ. ಉಂಡಿಯೇನು ಅಂತ ಕೇಳಬ್ಯಾಡ. ಸುಮ್ಮನ ಮುಂದ ಇಡ.”

ಮರುದಿನ ಮುರಿಗೆಪ್ಪ ಕೇಳಿದ. ತಮ್ಮ ಉಂಡೆನೆಂದ. ಅಲ್ಲಿಗೆ ಮುಗಿಯಿತು.

ಮೂಲೆಗೆ ವಿದ್ಯುತ್ ರಾಟೆ ಬಂತು. ಎರಡು ತಿಂಗಳಲ್ಲಿ ಶೆಡ್ಡಿನ ಚುಕ್ಕೆಗಳೆಲ್ಲ ಹಸಿರಾದವು. ಮಾಗುಂಡಪ್ಪನಂತೂ ಹೇಳಿದ್ದನ್ನೆಲ್ಲ ಮಾಡಿದ. ಕುಡಿತ ಬಿಟ್ಟ. ಮಧ್ಯಾಹ್ನದ ಬಿಸಿಲಲ್ಲಿ ನಡೆದ. ರಾತ್ರಿ ಪಾಳಿ ಹಾಗೇ ಇದ್ದರೂ ಮಧ್ಯಾಹ್ನಕ್ಕೆ ಎದ್ದು ಶೆಡ್ಡಿಗೆ ಬಂದು ಎಲ್ಲರ ಸಾಲಿನಲ್ಲಿ ಕೂತು ಉಂಡ, ಆಚೀಚೆಯವರ ಮುಖ ನೋಡದೆ. ಪಟ್ಟಿ ಮಾತುಗಳನ್ನು ಎಣಿಸುತ್ತದೆಂದು ಕೋಣೆಯಲ್ಲಿ ಒಬ್ಬನೇ ಕೂತು ಹಳೆಯ ಪೇಪರನ್ನು ದೊಡ್ಡ ದನಿಯಲ್ಲಿ ಓದಿದ. ಅಣ್ಣ ಸಂತೆಯಲ್ಲಿ ಸಿಕ್ಕವರಿಗೆಲ್ಲ ಪರದೆ ತೋರಿಸಿ, ನನ್ನ ತಮ್ಮ ಹುಷಾರಾದ ಎಂದು ಹೇಳಿಕೊಂಡು ತಿರುಗಿದ.

ಒಂದು ಮಧ್ಯಾಹ್ನ ಡಾಕ್ಟರ್ ಸುನಂದಾ ಮುನ್ಸೂಚನೆ ಇಲ್ಲದೆ ಬಂದರು. ಮುಖ ಬಾಡಿತ್ತು. ಮುರಿಗೆಪ್ಪನನ್ನು ಊಟದ ಸಾಲಿನಿಂದ ಎಬ್ಬಿಸಿ ಪಕ್ಕಕ್ಕೆ ಕರೆದರು.

“ನನ್ನಿಂದ ತಪ್ಪಾಗಿದೆ,” ಎಂದರು. “ನಾನು ತಾಸಿನ ಲೆಕ್ಕ ನೋಡಿದ್ದೆ. ಈಗ ದಿನಗಳ ಲೆಕ್ಕ ನೋಡಿದೆ. ಆಕೆಯ ಹತ್ತಿರ ಕೂತದ್ದರಿಂದ ಅವರು ಕುಸಿಯಲಿಲ್ಲ ಮುರಿಗೆಪ್ಪನವರೇ. ಕುಸಿದವರು ಹೋಗಿ ಆಕೆಯ ಹತ್ತಿರ ಕೂತರು. ರೋಗಿಯ ಪಕ್ಕ ಯಾವಾಗಲೂ ದಾದಿ ಇರುತ್ತಾಳೆ ಅಂತ ದಾದಿಯಿಂದಲೇ ರೋಗ ಬಂತು ಅಂದಹಾಗಾಯಿತು.”

ಅವಳ ಪಕ್ಕ ಕೂತ ಹದಿನೇಳು ಮಂದಿ ಹತ್ತು ಹನ್ನೆರಡು ದಿನಗಳಲ್ಲಿ ನಿಧಾನವಾಗಿ ಮೇಲೆದ್ದಿದ್ದರು, ಮಾಗುಂಡಪ್ಪ ಎಲ್ಲರಿಗಿಂತ ಹೆಚ್ಚು. ಅವಳು ಹೋದ ಮೇಲಿನ ಹಸಿರು ಬರಿಯ ಹಸಿರು. ನಡಿಗೆ, ಬಿಸಿಲು, ಮಾತಿನ ಎಣಿಕೆ ಎಲ್ಲ ಇದೆ, ದನಿಯಲ್ಲಿ ಮಾತ್ರ ಏರಿಳಿತವೇ ಇಲ್ಲ ಎಂದು ಅವರು ವಿವರಿಸಿದರು. ಆಕೆಯನ್ನು ಇವತ್ತೇ ಕರೆತರಬೇಕು ಎಂದರು.

ಮುರಿಗೆಪ್ಪನಿಗೆ ತಲೆ ಕೆಟ್ಟಿತು. ತಾನೇ ಅಟ್ಟಿದವಳ ಮನೆಗೆ ಹೋಗಿ ನಿಲ್ಲಬೇಕೆ?

“ಹೊರಗ ಹಾಕ್ರಿ ಅಂತ ವರದಿ ಕೊಟ್ಟವರ ನೀವ,” ಎಂದ. “ಈಗ ಕರಕೊಂಡ ಬಾ ಅಂದ್ರ?”

“ಅದೇ ವರದಿಯ ಮೊದಲ ಸಾಲಿನಲ್ಲಿ ರಾತ್ರಿ ಪಾಳಿ ತಪ್ಪಿಸಿ ಅಂತ ಬರೆದಿದ್ದೆ. ಅದನ್ನು ಓದಲಿಲ್ಲವೇ?”

“ಓದೀನಿ.”

“ಮತ್ತೆ?”

“ಮತ್ತ ಯಾರನ್ನ ಹಾಕ್ಲಿ?” ಮುರಿಗೆಪ್ಪನ ದನಿ ಶೆಡ್ಡೆಲ್ಲ ತುಂಬಿತು. “ಬ್ಯಾರೆಯವರಿಗೆ ಹೇಳಿದ್ರ ಜಗಳಕ್ಕ ಬರತಾರ. ಇವ ಮನೀ ಮನಷಾ, ಎದರ ಮಾತಾಡಂಗಿಲ್ಲ. ಅವಗೇನ ಹೆಂಡರ ಮಕ್ಕಳ ಕಾಯಾಕತ್ತಾರನ ಮನ್ಯಾಗ?”

ಊಟದ ಸಾಲಿನಲ್ಲಿ, ಆರು ಮೊಳ ದೂರದಲ್ಲಿ ಮಾಗುಂಡಪ್ಪ ತಟ್ಟೆಯ ಮುಂದೆ ಕೂತಿದ್ದ. ಅವನು ತಲೆ ಎತ್ತಲಿಲ್ಲ. ಉಳಿದ ರೊಟ್ಟಿಯನ್ನು ಮಡಚಿ ಪಕ್ಕದವನ ತಟ್ಟೆಗಿಟ್ಟ. ನಲ್ಲಿಯಲ್ಲಿ ಡಬ್ಬಿ ತೊಳೆದು ಗೂಡಿನಲ್ಲಿ ಬೋರಲು ಹಾಕಿದ. ಅಣ್ಣನ ಮುಂದೆಯೇ ಹಾದು ಬಿಸಿಲಿಗಿಳಿದ.

ಡಾಕ್ಟರ್ ಅವನನ್ನು ಕೂಗಲು ಹೋದರು. ಇದು ಅವನ ನಡಿಗೆಯ ವೇಳೆ, ತಡೆಯಬೇಡಿ ಎಂದ ಮುರಿಗೆಪ್ಪ. ಪರದೆ ನೋಡಿದ. ತಮ್ಮನ ಚುಕ್ಕೆ ಹಸಿರಿತ್ತು. ಡಾಕ್ಟರ ಜೊತೆ ಜಗಳ ಮುಂದುವರಿಯಿತು.

ಸಂಜೆ ಐದಾದರೂ ಮಾಗುಂಡಪ್ಪ ಮರಳಲಿಲ್ಲ, ಚುಕ್ಕೆ ಮಾತ್ರ ಹಸಿರು. ಹತ್ತೊಂಬತ್ತು ಸಾವಿರ ಹೆಜ್ಜೆ, ಬಿಸಿಲು ಸಾಕಷ್ಟು, ಕುಡಿತ ಸೊನ್ನೆ. ಯಂತ್ರ ಅವನನ್ನು ಅಭಿನಂದಿಸಿತು. ಅಷ್ಟರಲ್ಲಿ ಡಾಕ್ಟರ್ ತಾವೇ ಜೀಪು ಹತ್ತಿ ಹುಡುಕಲು ಹೋಗಿದ್ದರು. ಮುರಿಗೆಪ್ಪ ಫಕೀರವ್ವನ ಮನೆಗೆ ಓಡಿದ. ಬಾಗಿಲು ತೆರೆದವಳು ಅವನ ಮುಖ ನೋಡಿ, ಏನನ್ನೂ ಕೇಳದೆ, ಚಪ್ಪಲಿ ಮೆಟ್ಟಿ ಹೊರಟಳು. ಇಬ್ಬರೂ ಹೊಲದ ದಾರಿ, ಬಾವಿ, ಬಸ್ ನಿಲ್ದಾಣ ಎಲ್ಲ ನೋಡಿದರು. ಕರಿಗುಡ್ಡದ ಆಚೆ ಪಟ್ಟಿಯ ಸಂಕೇತ ಸಿಗುವುದಿಲ್ಲ. ಆರೂಕಾಲಿಗೆ ಕೊನೆಯ ಸಂಕೇತ ಆ ಗುಡ್ಡದಿಂದ ಬಂದಿತ್ತೆಂದು ಕೇಂದ್ರದವರು ಆಮೇಲೆ ತಿಳಿಸಿದರು; ಆಗಲೂ ಬಣ್ಣ ಹಸಿರು.

ಮಾಗುಂಡಪ್ಪ ಅಂದಿನ ಪಾಳಿಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಪೊಲೀಸರು ಗುಡ್ಡ ಜಾಲಾಡಿದರು, ಹೆಂಡತಿಯ ತವರಿನಲ್ಲಿ ವಿಚಾರಿಸಿದರು. ಯಾವ ಸುಳಿವೂ ಸಿಗಲಿಲ್ಲ. ಫಕೀರವ್ವ ಮೂಲೆಗೆ ಮರಳಿದಳು. ಮೊದಲ ವಾರ ಅವಳ ಪಕ್ಕ ಕೂತವನು ಮುರಿಗೆಪ್ಪ. ಅವಳು ಅವನನ್ನು ಏನೂ ಕೇಳಲಿಲ್ಲ, ಬೈಯಲೂ ಇಲ್ಲ. ನೂಲು ಕೊಟ್ಟಳು.

ವರ್ಷದ ಕೊನೆಗೆ ಕೇಂದ್ರ ಈ ಪಟ್ಟಿಗಳ ಫಲಿತಾಂಶವನ್ನು ಪುಸ್ತಕವಾಗಿ ಪ್ರಕಟಿಸಿತು. ಅದರ ಲೆಕ್ಕ ಬದಲಿಸಿರೆಂದು ಡಾಕ್ಟರ್ ಸುನಂದಾ ಮೂರು ಪತ್ರ ಬರೆದರು. ಕೊನೆಗೆ ದಾಖಲಾದ ಬಣ್ಣವನ್ನೇ ಲೆಕ್ಕಕ್ಕೆ ಹಿಡಿಯುವುದು ನಿಯಮ ಎಂದು ಉತ್ತರ ಬಂತು. ಗುಣ ಹೊಂದಿದವರ ಪಟ್ಟಿಯಲ್ಲಿ ಮಾಗುಂಡಪ್ಪನ ಹೆಸರು ಎಲ್ಲರಿಗಿಂತ ಮೇಲಿದೆ.