ಒಂದೂಕಾಲಿನ ಪಾಲಿಸಿ

ತ್ರಿವೇಣಿಯ ಗಂಡ ಬಸವಕುಮಾರನ ಮಣ್ಣು ಮುಗಿದು, ಬಂದ ನೆಂಟರೆಲ್ಲ ಹೋದ ಮೇಲಿನ ಮೊದಲ ಮಾಮೂಲಿ ಬೆಳಗು ಅದು.

ಆಫೀಸಿಗೆ ಹೊರಡುವಾಗ ಅತ್ತೆ ಅವಳ ಬ್ಯಾಗಿಗೆ ಒಂದು ಸ್ಟೀಲ್ ಡಬ್ಬಿ ಇಟ್ಟರು.

"ನಿಮ್ಮ ಆಫೀಸ್ ಕೆಳಗಿನ ಮೆಸ್ಸಿನ ದುರ್ಗಕ್ಕಂದಂತ. ಕಡೀ ದಿನ ಅವ ಇಸ್ಕೊಂಡು ಬಂದಿದ್ದ. ಖಾಲಿ ಕೊಡಬಾರ್ದು, ಶೇಂಗಾ ಉಂಡಿ ಹಾಕೀನಿ."

ಕಂಪ್ಲಿಯಿಂದ ಎಂಟೂವರೆ ಬಸ್ಸು. ತ್ರಿವೇಣಿ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟಳು, ಗಂಡನಿಗೆ ಜಾಗ ಹಿಡಿಯಲು. ಬುಕ್ಕಸಾಗರ ದಾಟುವಾಗ ನೆನಪಾಗಿ, ತೊಡೆಯ ಮೇಲೆ ಎಳೆದುಕೊಂಡಳು.

ಅಳು ಬರಲಿಲ್ಲ. ಇಷ್ಟು ದಿನವೂ ಬಂದಿರಲಿಲ್ಲ.

ಹೊಸಪೇಟೆಯ ಒಂದು ಸಾರಿಗೆ ಕಂಪನಿಯಲ್ಲಿ ಇಬ್ಬರಿಗೂ ಕೆಲಸ; ಅವಳು ಲಾರಿಗಳ ಲೋಡಿಂಗ್ ವರದಿ ಮಾಡುತ್ತಿದ್ದಳು, ಗಂಡ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದ. ಒಳಗೆ ಕಾಲಿಟ್ಟರೆ… ಅವನ ಕುರ್ಚಿಯಲ್ಲಿ ಯಾರೋ ಕುಳಿತಿದ್ದಾರೆ!

"ಯಾರ್ರೀ ನೀವು? ಏಳ್ರಿ ಅಲ್ಲಿಂದ!"

ಆತ ಗಾಬರಿಯಾಗಿ ಎದ್ದ. "ಸಾರಿ ಮೇಡಂ… ಪಂಪೇಶ್ ಅಂತ. ಸಂಡೂರು ಬ್ರಾಂಚಿಂದ ಕಳಿಸ್ಯಾರ. ನಿಂತ್ಕೊಂಡೇ ಮಾಡ್ತೀನಿ ಬಿಡ್ರಿ."

ನಿಜಕ್ಕೂ ನಿಂತೇ ಕೆಲಸ ಮಾಡಿದ. ಅವಳಿಗೆ ನಾಚಿಕೆಯಾಯಿತು.

ಅವಳ ಕಂಪ್ಯೂಟರ್ ತೆರೆಯಲು ಹತ್ತು ನಿಮಿಷ ಹಿಡಿಯಿತು. ತೆರೆದ ಮೇಲೆ ಒಂದು ಎಚ್ಚರಿಕೆ: ಗ್ರೂಪ್ ಪಾಲಿಸಿ ಅನ್ವಯಿಸಲಾಗಲಿಲ್ಲ.

"ಸರ್ವರ್‌ನಿಂದ ಎಲ್ಲಾ ಕಂಪ್ಯೂಟರಿಗೂ ಬರೋ ನಿಯಮ ರೀ ಇವು," ಎಂದ ಪಂಪೇಶ್. ಇನ್ನೊಂದು ಕಂಪ್ಯೂಟರಿನ ಪಟ್ಟಿ ತೆಗೆದು ಎರಡನ್ನೂ ಹೋಲಿಸಿದ. ಕೈ ನಿಂತಿತು. "ಇದೇನು? ಎಲ್ಲಾರಿಗೂ ಹದಿನಾಲ್ಕು ಪಾಲಿಸಿ ಅದಾವು. ನಿಮಗೆ ಹದಿನೈದು!"

"ಅಂದ್ರ?"

"ಒಂದು ನಿಮ್ಮ ಮಷಿನ್‌ಗೆ ಅಷ್ಟೇ ಹಾಕ್ಯಾರ. ಹೆಸರು…" ಆತ ತಡವರಿಸಿದ. "ವೇಣಿ ಊಟ."

ವೇಣಿ! ಹಾಗೆ ಕರೆಯುತ್ತಿದ್ದವನು ಒಬ್ಬನೇ.

"ದಿನಾ ಒಂದೂಕಾಲಿಗೆ ಸ್ಕ್ರೀನ್ ಲಾಕ್. ಅರ್ಧ ತಾಸು ತೆರೆಯಂಗಿಲ್ಲ. ಮಾರ್ಚ್ ಹನ್ನೆರಡಕ್ಕ ಮಾಡ್ಯಾರ ನೋಡ್ರಿ."

ಊಟ ಬಿಟ್ಟು ವರದಿ ಮಾಡುತ್ತಾ ಅವಳು ತಲೆಸುತ್ತಿ ಬಿದ್ದದ್ದು ಮಾರ್ಚ್ ಹನ್ನೊಂದು.

ಅಯ್ಯೋ… ಅವಳು ಅದನ್ನು ಕಂಪ್ಯೂಟರಿನ ದೋಷ ಅಂದುಕೊಂಡಿದ್ದಳು! ಕಡೆಯ ದಿನವೂ ಸ್ಕ್ರೀನ್ ಲಾಕ್ ಆದಾಗ, ಡಬ್ಬಿ ಹಿಡಿದು ಬಂದ ಅವನಿಗೆ ಎಲ್ಲರ ಮುಂದೆ ಅಂದಿದ್ದಳು: "ಒಂದು ಕಂಪ್ಯೂಟರ್ ರಿಪೇರಿ ಮಾಡಾಕ ಬರಂಗಿಲ್ಲ. ಯಾತರ ಇಂಜಿನಿಯರ್ರೀ ನೀವು?"

ಅವನು ನಕ್ಕಿದ್ದ. "ಪಾಲಿಸಿ ರೀ ಮೇಡಂ, ಮ್ಯಾಲಿನೋರ ಆರ್ಡರು. ಬರ್ರಿ, ಉಣ್ಣೋಣು."

"ನೀವೇ ಉಣ್ರಿ!"

ಮರುದಿನ ಬೆಳಗಿನ ಜಾವ ಮೂವತ್ತಮೂರು ವರ್ಷದ ಅವನ ಎದೆಬಡಿತ ನಿಂತುಹೋಯಿತು.

"ಈಗ್ಯಾಕ ಎರರ್ ಬರ್ತೈತಿ?" ಕೇಳಿದಳು ತ್ರಿವೇಣಿ.

"ಈ ಪಾಲಿಸಿ ಫೈಲು ಬಸವಕುಮಾರ್ ಸರ್ ಅವರ ಫೋಲ್ಡರ್‌ನ್ಯಾಗ ಐತಿ. ಅವರ ಖಾತೆ ಮುಚ್ಯಾರಲ್ಲ… ದಿನಾ ಬೆಳಿಗ್ಗೆ ಇದು ಅಲ್ಲಿ ಹೋಗಿ ಹುಡುಕ್ತೈತಿ, ಸಿಗಂಗಿಲ್ಲ." ಪಂಪೇಶ್ ತಲೆ ತಗ್ಗಿಸಿದ. "ಹಳೇವೆಲ್ಲಾ ಇವತ್ತೇ ತೆಗೀರಿ ಅಂತ ಮ್ಯಾನೇಜರ್ ಹೇಳ್ಯಾರ. ತೆಗದ್ರ ಎರರ್ ಹೋಗ್ತೈತಿ. ತೆಗೀಲೇನ್ರಿ?"

ತೆಗೆದರೆ ಸ್ಕ್ರೀನ್ ಎಂದೂ ಲಾಕ್ ಆಗದು. ಯಾರೂ ಅವಳನ್ನು ಊಟಕ್ಕೆ ಎಬ್ಬಿಸರು.

"ಬ್ಯಾಡ್ರಿ! ಫೈಲ್ ಬ್ಯಾರೆ ಕಡೆ ಇಟ್ಟು ಸರಿ ಮಾಡಾಕ ಬರ್ತೈತೇನು?"

"ಬರ್ತೈತಿ. ಆದ್ರ ಮ್ಯಾನೇಜರ್…"

"ನನ್ನ ಮಷಿನ್, ನಾನೇ ಬರದು ಕೊಡ್ತೀನಿ. ಮ್ಯಾಲಿನೋರ ಆರ್ಡರ್ ಅಂತ ಹೇಳ್ರಿ!"

ಪಂಪೇಶ್ ಮೆಲ್ಲಗೆ ನಕ್ಕ. ಮತ್ತೆ ನಿಂತೇ ಕೀಬೋರ್ಡಿಗೆ ಬಾಗಿದ.

"ಕುಂದ್ರಿ," ಎಂದಳು ತ್ರಿವೇಣಿ, ಗಂಡನ ಕುರ್ಚಿ ಮುಂದಕ್ಕೆ ಸರಿಸಿ. "ಕುಂತು ಮಾಡ್ರಿ."

ಒಂದೂಕಾಲು.

ವರದಿಯ ಮಧ್ಯೆ ಸ್ಕ್ರೀನ್ ತಟ್ಟನೆ ಮುಚ್ಚಿಕೊಂಡಿತು. ತ್ರಿವೇಣಿ ಕೈ ತೆಗೆದಳು. 'ಬಂದೆ ರೀ… ಬಂದೆ.'

ಡಬ್ಬಿ ಹಿಡಿದು ಕೆಳಗಿಳಿದಳು. ಮೆಸ್ಸಿನಲ್ಲಿ ದುರ್ಗಕ್ಕ ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕಾ, ನಿಮ್ಮ ಡಬ್ಬಿ. ಅವರು ಇಸ್ಕೊಂಡಿದ್ರಲ್ಲ…"

ದುರ್ಗಕ್ಕ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಮುಚ್ಚಳ ತೆಗೆದಳು. ಉಂಡಿ ನೋಡಿ ಮತ್ತೆ ಮುಚ್ಚಿದಳು.

"ನಾಳಿಗೆ ತಂದು ಕೊಡ್ತೀನಿ ಅಂದಿದ್ದ, ಸುಳ್ಳ! ಅವತ್ತು ಏನಂದ ಗೊತ್ತೇನವ್ವಾ? 'ಅಕ್ಕಾ, ಖಾರ ಕಮ್ಮಿ ಹಾಕ್ರಿ, ನಮ್ಮಾಕಿ ಮೊದ್ಲೇ ಸಿಟ್ಟಿನ್ಯಾಗ ಅದಾಳ!'"

ತ್ರಿವೇಣಿಗೆ ನಗು ಬಂತು. ನಗುತ್ತಿದ್ದಂತೆಯೇ, ಇಷ್ಟು ದಿನ ಬಾರದ ಅಳು ಬಂತು. ದುರ್ಗಕ್ಕ ಡಬ್ಬಿ ಬದಿಗಿಟ್ಟು ಅವಳ ತಲೆಯನ್ನು ಎದೆಗೊತ್ತಿಕೊಂಡಳು.

"ಊಟ ಆತೇನ ಮಗಳ?"

"ಇಲ್ಲಕ್ಕ… ನೀಡ್ರಿ. ಒಂದೂಮುಕ್ಕಾಲಿನ ತನಕ ಟೈಮ್ ಕೊಟ್ಟಾರ."